ಕಾರ್ ಸ್ಟೀರಿಯೋ ಅತಿಯಾಗಿ ಬಿಸಿಯಾಗುವುದೇಕೆ?

ಹಾಡುತ್ತಿರುವ ಕಾರ್ ಸ್ಟೀರಿಯೋ ಬೆಚ್ಚಗಾಗುವುದು ದೋಷವಲ್ಲ. ಆದರೆ ಹಾಡು ನಡುನಡುವೆ ನಿಂತು ಕೆಲವು ನಿಮಿಷಗಳ ಬಳಿಕ ತಾನಾಗಿಯೇ ಮರಳಿದರೆ, ಪರದೆ ಕಪ್ಪಾದರೆ ಅಥವಾ ಮುಂಭಾಗವನ್ನು ಮುಟ್ಟಲಾಗದಷ್ಟು ಕಾವೇರಿದರೆ ಕಾರಣ ಹುಡುಕಲೇಬೇಕು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರಂತೂ ಮೊದಲು ಸ್ಟೀರಿಯೋವಿನ ಫ್ಯೂಸ್ ಕಿತ್ತು, ಆಮೇಲೆ ಉಳಿದದ್ದನ್ನು ಯೋಚಿಸಬೇಕು. ಹೀಗೆ ಬಿಸಿಯಾಗುವ ಸ್ಟೀರಿಯೋವನ್ನು ಕೆಟ್ಟಿದೆಯೆಂದು ಬದಲಿಸುವವರು ಬಹಳ. ದೋಷ ಹೊರಗಿನ ವೈರುಗಳಲ್ಲಿದ್ದರೆ ಹೊಸ ಸ್ಟೀರಿಯೋ ಕೂಡ ಹಾಗೆಯೇ ಬಿಸಿಯಾಗುತ್ತದೆ. ಆದ್ದರಿಂದ ಅದು ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಮೊದಲು ತಾಳ್ಮೆಯಿಂದ ಗಮನಿಸಬೇಕು.

ಸ್ಟೀರಿಯೋವಿನ ಶಾಖದ ಬಹುಪಾಲು ಹುಟ್ಟುವುದು ಅದರೊಳಗಿನ ಆಂಪ್ಲಿಫೈಯರ್ ಚಿಪ್‌ನಲ್ಲಿ, ಅಂದರೆ ಸಂಕೇತವನ್ನು ಸ್ಪೀಕರ್ ನುಡಿಸುವಷ್ಟು ಬಲಗೊಳಿಸುವ ಭಾಗದಲ್ಲಿ. ಹೆಚ್ಚಿನ ಸ್ಟೀರಿಯೋಗಳಲ್ಲಿರುವುದು 'ಎಬಿ ವರ್ಗ'ದ ಆಂಪ್ಲಿಫೈಯರ್. 14.4 ವೋಲ್ಟ್ ಪೂರೈಕೆಯಲ್ಲಿ ಅದು 4 ಓಮ್‌ನ ಪ್ರತಿ ಸ್ಪೀಕರಿಗೂ ಸುಮಾರು 10 ವ್ಯಾಟ್ ಒದಗಿಸುತ್ತಿರುವಾಗ ಹೆಚ್ಚುಕಡಿಮೆ ಅಷ್ಟನ್ನೇ ಶಾಖವಾಗಿ ಹೊರಹಾಕುತ್ತದೆ; ನಾಲ್ಕು ಸ್ಪೀಕರುಗಳೆಂದರೆ 40 ವ್ಯಾಟ್ ಶಾಖ. ಇದು ಒಂದೇ ಸಮನಾದ ಸ್ವರಕ್ಕೆ ಹಾಕಿದ ಲೆಕ್ಕ. ಏರಿಳಿತವಿರುವ ಸಂಗೀತದಲ್ಲಿ ಸರಾಸರಿ ಇದಕ್ಕಿಂತ ಕಡಿಮೆ. ಆದರೂ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಮುಖವಿರುವ ಪೆಟ್ಟಿಗೆಗೆ ಅದು ಸಣ್ಣ ಹೊರೆಯಲ್ಲ. ಚಿಪ್ಪಿನೊಳಗಿನ ಸಿಲಿಕಾನ್ ಸುಮಾರು 150 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ರಕ್ಷಣಾ ಮಂಡಲವು ಧ್ವನಿಯನ್ನು ಕಡಿತಗೊಳಿಸುತ್ತದೆ. ಹಾಡು ನಿಂತು ಮರಳಲು ಸಾಮಾನ್ಯ ಕಾರಣ ಇದೇ.

ಇಲ್ಲಿಂದ ಪರೀಕ್ಷೆಯ ದಾರಿ ಸ್ಪಷ್ಟವಾಗುತ್ತದೆ. ಸ್ಪೀಕರುಗಳ ವೈರನ್ನೆಲ್ಲ ಬಿಡಿಸಿ, ತುದಿಗಳು ಒಂದಕ್ಕೊಂದು ತಾಕದಂತೆ ಮುಚ್ಚಿ, ಸ್ಟೀರಿಯೋವನ್ನು ಅರ್ಧ ಗಂಟೆ ಚಾಲನೆಯಲ್ಲಿಡಿ. ಆಗ ಅದು ತಣ್ಣಗೇ ಉಳಿದರೆ ಸಂಶಯ ಸ್ಪೀಕರುಗಳತ್ತ, ಅವುಗಳ ವೈರುಗಳತ್ತ ತಿರುಗಬೇಕು. ಒಂದೇ ಚಾನೆಲ್ಲಿಗೆ 4 ಓಮ್‌ನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದ್ದರೆ ಒಟ್ಟು ರೋಧ 2 ಓಮ್‌ಗೆ ಇಳಿದು, ಅದೇ ವಾಲ್ಯೂಮಿನಲ್ಲಿ ಪ್ರವಾಹವೂ ಶಾಖವೂ ಇಮ್ಮಡಿಯಾಗುತ್ತವೆ. ಬಾಗಿಲಿನ ಸಂದಿನಲ್ಲಿ ಸವೆದ ವೈರು ಲೋಹಕ್ಕೆ ತಗುಲುವುದು ಇನ್ನೂ ಅಪಾಯಕಾರಿ. ಏಕೆಂದರೆ ಇಂದಿನ ಸ್ಟೀರಿಯೋಗಳಲ್ಲಿ ಸ್ಪೀಕರಿನ ಋಣ (ನೆಗೆಟಿವ್) ತಂತಿ ಕಾರಿನ ಲೋಹದ ಚೌಕಟ್ಟಿಗೆ ಸೇರಿರುವುದಿಲ್ಲ, ಅದರಲ್ಲಿಯೂ ಆಂಪ್ಲಿಫೈಯರಿನ ವೋಲ್ಟೇಜ್ ಇರುತ್ತದೆ. ಬಿಡಿಸಿಟ್ಟ ವೈರುಗಳನ್ನು ಮಲ್ಟಿಮೀಟರಿನಿಂದ ಅಳೆದರೆ, 4 ಓಮ್ ಸ್ಪೀಕರ್ ಸಾಮಾನ್ಯವಾಗಿ ಮೂರರಿಂದ ನಾಲ್ಕು ಓಮ್‌ಗಳ ನಡುವೆ ತೋರಿಸಬೇಕು. ಅದೇ ವೈರಿಗೂ ಕಾರಿನ ಚೌಕಟ್ಟಿಗೂ ಮಧ್ಯೆ ಯಾವ ಸಂಪರ್ಕವೂ ಕಾಣಬಾರದು.

ಸ್ಪೀಕರಿಲ್ಲದೆಯೂ ಬಿಸಿಯಾದರೆ ದೋಷ ಸ್ಟೀರಿಯೋವಿನ ಒಳಗಿರಬಹುದು, ಇಲ್ಲವೇ ವಿದ್ಯುತ್ ಪೂರೈಕೆಯಲ್ಲಿರಬಹುದು. ಎಂಜಿನ್ ಓಡುವಾಗ ಸುಮಾರು 13.5ರಿಂದ 14.7 ವೋಲ್ಟ್ ಇರುವುದು ಸಹಜ. 15 ವೋಲ್ಟ್ ದಾಟಿದರೆ ಆಲ್ಟರ್ನೇಟರಿನ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕದ) ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಕೀಲಿ ತೆಗೆದು ಗಂಟೆಗಳಾದರೂ ಪೆಟ್ಟಿಗೆ ಬೆಚ್ಚಗಿದ್ದರೆ ಅದು ನಿದ್ರಾಸ್ಥಿತಿಗೆ ಹೋಗುತ್ತಿಲ್ಲ, ಬ್ಯಾಟರಿಯೂ ಬರಿದಾಗುತ್ತಿರುತ್ತದೆ. ಬಿಸಿ ಪೆಟ್ಟಿಗೆಯಲ್ಲಿರದೆ ಹಿಂದಿನ ಕನೆಕ್ಟರಿನಲ್ಲಿಯೇ ಇದ್ದರೆ ಜೋಡಣೆ ಸಡಿಲವಾಗಿದೆ ಎಂದರ್ಥ: 10 ಆಂಪಿಯರ್ ಪ್ರವಾಹವು ಕೇವಲ 0.1 ಓಮ್ ರೋಧದ ಸಂಪರ್ಕದಲ್ಲಿ ಹರಿದರೂ ಆ ಒಂದೇ ಬಿಂದುವಿನಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ತಿರುಚಿ ಟೇಪ್ ಸುತ್ತಿದ ಜೋಡಣೆಯನ್ನು ನಾನು ಎಂದಿಗೂ ನಂಬುವುದಿಲ್ಲ. ಫ್ಯೂಸ್ ಹಾರುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕುವುದು ಬೆಂಕಿಗೆ ದಾರಿ ಮಾಡಿಕೊಟ್ಟಂತೆಯೇ.

ಇನ್ನು ಕೆಲವೊಮ್ಮೆ ಶಾಖ ಮಿತಿಯಲ್ಲೇ ಹುಟ್ಟುತ್ತದೆ, ಆದರೆ ಹೊರಹೋಗಲು ದಾರಿಯಿರುವುದಿಲ್ಲ. ಸ್ಟೀರಿಯೋ ಹಿಂದೆ ತುರುಕಿದ ವೈರಿನ ಗಂಟು ಹೀಟ್‌ಸಿಂಕನ್ನು (ಶಾಖವನ್ನು ಗಾಳಿಗೆ ಬಿಡುವ ಲೋಹದ ಭಾಗವನ್ನು) ಮುಚ್ಚಿರಬಹುದು, ಸಣ್ಣ ಫ್ಯಾನ್ ಧೂಳಿನಿಂದ ನಿಂತಿರಬಹುದು. ಆಂಡ್ರಾಯ್ಡ್ ಸ್ಟೀರಿಯೋಗಳಲ್ಲಿ ಪ್ರೊಸೆಸರ್ ಕೂಡ ಶಾಖದ ಮೂಲ. ಬಿಸಿಯೇರಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ ನಕ್ಷೆ ತಡವರಿಸುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಪರದೆ ಕಪ್ಪಾಗುವುದಕ್ಕೆ ಮತ್ತೊಂದು ಕಾರಣವೂ ಇರಬಹುದು: ಪರದೆಯೊಳಗಿನ ದ್ರವಸ್ಫಟಿಕವು (ಲಿಕ್ವಿಡ್ ಕ್ರಿಸ್ಟಲ್) ಒಂದು ಉಷ್ಣತೆಯನ್ನು ಮೀರಿದಾಗ ಅದರ ಅಣುಗಳು ಕ್ರಮಬದ್ಧ ಜೋಡಣೆಯನ್ನು ಕಳೆದುಕೊಂಡು, ಬೆಳಕನ್ನು ನಿಯಂತ್ರಿಸಲಾರದಾಗುತ್ತವೆ. ತಣಿದ ಬಳಿಕ ಚಿತ್ರ ಮರಳಿದರೆ ಗಾಬರಿಯ ಅಗತ್ಯವಿಲ್ಲ. ಆದರೆ ಕಾವು ನಿತ್ಯದ ಸ್ಥಿತಿಯಾಗಬಾರದು; ಸ್ಟೀರಿಯೋವಿನೊಳಗೆ ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗವಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯವು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎಲ್ಲವೂ ಸರಿಯಿದ್ದು, ಜೋರಾಗಿ ಕೇಳುವುದೇ ಕಾರಣವಾಗಿದ್ದರೆ ಸ್ಟೀರಿಯೋದಲ್ಲಿ ಬಾಸ್ ತಗ್ಗಿಸುವುದು ಮೊದಲ ಉಪಾಯ, ಏಕೆಂದರೆ ಶಕ್ತಿಯನ್ನು ಹೆಚ್ಚು ನುಂಗುವುದು ತಗ್ಗಿನ ಸ್ವರಗಳೇ. ಅದು ಒಗ್ಗದವರು ಕಡಿಮೆ ಬಿಸಿಯಾಗುವ 'ಡಿ ವರ್ಗ'ದ ಪ್ರತ್ಯೇಕ ಆಂಪ್ಲಿಫೈಯರನ್ನು ಸೀಟಿನ ಕೆಳಗೋ ಡಿಕ್ಕಿಯಲ್ಲೋ ಅಳವಡಿಸಿ, ಸ್ಪೀಕರುಗಳನ್ನು ಅದಕ್ಕೆ ವರ್ಗಾಯಿಸಿ, ಸ್ಟೀರಿಯೋದಿಂದ ಸಂಕೇತವನ್ನು ಮಾತ್ರ ಆರ್‌ಸಿಎ ಎಂಬ ಆಡಿಯೋ ಕೇಬಲ್ಲಿನಲ್ಲಿ ಒಯ್ಯಬಹುದು. ಒಳಗಿನ ಆಂಪ್ಲಿಫೈಯರನ್ನು ಸೆಟ್ಟಿಂಗಿನಲ್ಲಿಯೇ ಆಫ್ ಮಾಡುವ ಸೌಲಭ್ಯ ಕೆಲವು ಸ್ಟೀರಿಯೋಗಳಲ್ಲಿದೆ. ಇಲ್ಲದಿದ್ದರೂ, ಹೊರೆಯೇ ಇಲ್ಲದ ಚಿಪ್ಪಿನಲ್ಲಿ ಉಳಿಯುವ ಶಾಖ ಅತ್ಯಲ್ಪ.