ಒಂದು ಮತದಿಂದ ಬದಲಾದ ಕಡಲ ಕೊಳವೆ

ಕ್ಯಾಲಿಫೋರ್ನಿಯಾದ ಹಂಟಿಂಗ್‌ಟನ್ ಬೀಚ್ ತನ್ನನ್ನು ‘ಸರ್ಫ್ ಸಿಟಿ’ ಎಂದೇ ಕರೆದುಕೊಳ್ಳುವ ಊರು. ಬೇಸಿಗೆ ಬಂತೆಂದರೆ ಅಲೆಗಳ ಮೇಲೆ ಹಲಗೆ ಹಿಡಿದವರದೇ ಜಾತ್ರೆ. 1999ರ ಬೇಸಿಗೆಯಲ್ಲಿ ಮಾತ್ರ ಮೈಲಿಗಟ್ಟಲೆ ತೀರ ಖಾಲಿ ಬಿತ್ತು. ‘ನೀರಿಗಿಳಿಯಬೇಡಿ’ ಎಂಬ ಫಲಕಗಳು ಸುಮಾರು ಎರಡು ತಿಂಗಳು ಮರಳಿನಲ್ಲೇ ನಿಂತಿದ್ದವು.

ಕಡಲು ಆ ವರ್ಷವೇ ಕೆಟ್ಟಿತು ಎಂದು ಇದರ ಅರ್ಥವಲ್ಲ. ಜನ ಈಜುವ ತೀರಗಳ ನೀರನ್ನು ವಾರಕ್ಕೊಮ್ಮೆಯಾದರೂ ಪರೀಕ್ಷಿಸಲೇಬೇಕು ಎಂಬ ರಾಜ್ಯದ ಹೊಸ ನಿಯಮ ಜಾರಿಗೆ ಬಂದದ್ದು ಅದೇ ಬೇಸಿಗೆಯಲ್ಲಿ. ಇಂಥ ಪರೀಕ್ಷೆ ನೋಡುವುದಕ್ಕೆ ಬಲು ಸರಳ. ಹರಡು ಮುಳುಗುವಷ್ಟು ನೀರಿನಲ್ಲಿ ನಿಂತು ಬಾಟಲಿ ತುಂಬಿಸುತ್ತಾರೆ. ಲ್ಯಾಬಿನಲ್ಲಿ ಅದಕ್ಕೊಂದು ಪುಡಿ ಬೆರೆಸಿ, 97 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಸುರಿದು, 41 ಡಿಗ್ರಿ ಶಾಖದಲ್ಲಿ ಒಂದು ದಿನ ಇಡುತ್ತಾರೆ. ಮರುದಿನ ಅತಿನೇರಳೆ ದೀಪದ ಕೆಳಗೆ ಹಿಡಿದರೆ, ಎಂಟರೊಕಾಕಸ್ ಬ್ಯಾಕ್ಟೀರಿಯಾ ಇರುವ ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ಎಷ್ಟು ಹೊಳೆದವು ಎಂದು ಎಣಿಸಿ ಲೆಕ್ಕ ಹಾಕುತ್ತಾರೆ, 100 ಮಿ.ಲೀ.ಗೆ 104 ದಾಟಿದರೆ ಎಚ್ಚರಿಕೆ. ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ವಾಸಿಸುವಂಥದು. ಅದು ಕಂಡಿತೆಂದರೆ ಮಲವೂ, ಅದರ ಜತೆ ಬರುವ ರೋಗಾಣುಗಳೂ ನೀರಿನಲ್ಲಿರಬಹುದು. ಆದರೆ ಗುಳಿ ಹೊಳೆಯುವ ಹೊತ್ತಿಗೆ ನಿನ್ನೆಯ ನೀರು ಎಲ್ಲಿಗೋ ಹೋಗಿರುತ್ತದೆ. ಅದು ಯಾರ ಮಲ, ಮನುಷ್ಯನದೋ ಹಕ್ಕಿಯದೋ ಎಂದೂ ಆ ನೀಲಿ ಬಣ್ಣ ಹೇಳುವುದಿಲ್ಲ.

ಜನರ ಅನುಮಾನ ಹೋದದ್ದು ಕಡಲೊಳಗಿನ ಒಂದು ಕೊಳವೆಯ ಕಡೆಗೆ. ಹಂಟಿಂಗ್‌ಟನ್ ಬೀಚ್ ಇರುವ ಆರೆಂಜ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಳಚರಂಡಿ ಸಂಸ್ಥೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರ ಕೊಳಚೆ ನೀರನ್ನು, ದಿನಕ್ಕೆ ಸುಮಾರು 90 ಕೋಟಿ ಲೀಟರ್, ಹತ್ತು ಅಡಿ ವ್ಯಾಸದ ಕೊಳವೆಯಲ್ಲಿ ಏಳೆಂಟು ಕಿಲೋಮೀಟರ್ ಒಳಗೆ, ಸುಮಾರು 60 ಮೀಟರ್ ಆಳದಲ್ಲಿ ಬಿಡುತ್ತಿತ್ತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರಿಗೆ ಮೊದಲ ಹಂತದ ಶುದ್ಧೀಕರಣ ಮಾತ್ರ ಆಗುತ್ತಿತ್ತು. ಮೊದಲ ಹಂತ ಅಂದರೆ ತೊಟ್ಟಿಯಲ್ಲಿ ನೀರನ್ನು ನಿಲ್ಲಿಸಿ, ತಳಕ್ಕೆ ಕೂತದ್ದನ್ನೂ ಮೇಲೆ ತೇಲಿದ್ದನ್ನೂ ತೆಗೆಯುವುದು. ಎರಡನೇ ಹಂತದಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ; ನೀರಿನಲ್ಲಿ ಕರಗಿದ ಕೊಳೆಯನ್ನು ಅವು ತಿಂದು ಮುಗಿಸುತ್ತವೆ. 1972ರ ಅಮೆರಿಕದ ಶುದ್ಧ ನೀರಿನ ಕಾಯ್ದೆ ಎರಡನೇ ಹಂತವನ್ನು ಎಲ್ಲ ಊರುಗಳಿಗೂ ಕಡ್ಡಾಯ ಮಾಡಿತ್ತು. 1977ರ ತಿದ್ದುಪಡಿ ಆಳದ ಕಡಲಿಗೆ ಬಿಡುವವರಿಗೊಂದು ವಿನಾಯಿತಿಯ ಬಾಗಿಲು ತೆರೆಯಿತು. ಕಡಲಿಗೆ ಹಾನಿಯಾಗುತ್ತಿಲ್ಲ ಎಂದು ತೋರಿಸಿಕೊಟ್ಟರೆ ಸಾಕು. ಆರೆಂಜ್ ಕೌಂಟಿ ಆ ಬಾಗಿಲಿನಿಂದ ಒಳಬಂದಿತ್ತು.

ಸಂಸ್ಥೆಯ ವಾದಕ್ಕೂ ವಿಜ್ಞಾನದ ಬಲವಿತ್ತು. ಕೊಳಚೆ ನೀರು ಬೆಚ್ಚಗಿನ ಸಿಹಿನೀರು, ಕಡಲ ನೀರಿಗಿಂತ ಹಗುರ. ಕೊಳವೆಯ ತುದಿಯ ನೂರಾರು ರಂಧ್ರಗಳಿಂದ ಹೊರಬಿದ್ದು ಮೇಲೇರುವಾಗ ಅದು ಸುತ್ತಲಿನ ನೀರಿನೊಡನೆ ಬೆರೆತು ತೆಳುವಾಗುತ್ತದೆ. ಬೇಸಿಗೆಯಲ್ಲಿ ಕಡಲ ಮೇಲ್ಪದರ ಬಿಸಿಯಾಗಿ, ಪಾತ್ರೆಯ ಮುಚ್ಚಳದ ಹಾಗೆ ಅದನ್ನು ಕೆಳಗೇ ತಡೆಯುತ್ತದೆ. ಆದರೆ ಕಡಲಿನ ಒಳಗೂ ಅಲೆಗಳೇಳುತ್ತವೆ. ತಣ್ಣನೆಯ ಕೆಳಪದರ ಉಬ್ಬಿ ಇಳಿದು ದಡದತ್ತ ಸರಿಯುತ್ತದೆ. ಅದರ ಜತೆ ಕೊಳಚೆಯೂ ಬರುತ್ತಿದೆಯೇ? 2001ರ ಬೇಸಿಗೆಯಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಕಡಲಿನಲ್ಲಿ ಉಪಕರಣಗಳನ್ನಿಳಿಸಿ ಅಳೆದರು. ತೀರದ ಮಾಲಿನ್ಯಕ್ಕೆ ಕೊಳವೆಯೇ ಕಾರಣ ಎನ್ನಲು ನೇರ ಪುರಾವೆ ಸಿಗಲಿಲ್ಲ. ಅತ್ತ ಅರ್ವೈನ್ ವಿಶ್ವವಿದ್ಯಾಲಯದ ಸಂಶೋಧಕರು ದಡದ ಪಕ್ಕದ ಟ್ಯಾಲ್ಬರ್ಟ್ ಜೌಗಿನಲ್ಲಿ ಹಕ್ಕಿಗಳ ಹಿಕ್ಕೆಯಿಂದಲೂ ಬ್ಯಾಕ್ಟೀರಿಯಾ ಹುಟ್ಟಿ ಅಲೆಗಳನ್ನು ಸೇರುತ್ತಿದೆ ಎಂದು ತೋರಿಸಿದ್ದರು.

ಹಾಗಾದರೆ ಕೊಳವೆಯ ವಿರುದ್ಧ ಎದ್ದ ಜನ ದಾರಿ ತಪ್ಪಿದ್ದರೇ? ನಾನು ಹಾಗೆ ತಿಳಿಯುವುದಿಲ್ಲ. 1999ರ ಫಲಕಗಳಿಗೆ ಯಾರು ಕಾರಣ ಎಂಬುದು ವಿಜ್ಞಾನದ ಪ್ರಶ್ನೆ. ಅರ್ಧ ಶುದ್ಧವಾದ ನೀರನ್ನು ಕಡಲಿಗೆ ಬಿಟ್ಟು, ಏನೂ ಆಗಲಾರದು ಎಂಬ ಭರವಸೆಯ ಮೇಲೆ ಬದುಕಬೇಕೇ ಎಂಬುದು ಬೇರೆಯೇ ಪ್ರಶ್ನೆ. ಅದರ ಉತ್ತರ ಲ್ಯಾಬಿನಲ್ಲಿ ಸಿಗುವುದಿಲ್ಲ. ಜತೆಗೆ, ಕಡಲು ಸರಿಯಾಗಿದೆ ಎಂದು ವರದಿ ಕೊಡುವ ಹೊಣೆ ಕೊಳಚೆ ಬಿಡುವ ಸಂಸ್ಥೆಯದೇ ಆಗಿತ್ತು. ಪರವಾನಗಿ ಪತ್ರಗಳನ್ನು ಓದಿದ ನಾಗರಿಕರು ‘ವಿನಾಯಿತಿ ಬೇಡ’ ಎಂಬ ಮಾತನ್ನು ಊರೂರಿನ ನಗರಸಭೆಗಳಿಗೆ ಒಯ್ದರು. ಇದು ಫಲಿಸುವಂಥ ದಾರಿಯೇ ಆಗಿತ್ತು. ಒಳಚರಂಡಿ ಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಕೂತಿದ್ದವರು ಬಹುತೇಕ ಆ ಊರುಗಳಿಂದ ಗೆದ್ದು ಬಂದ ಪ್ರತಿನಿಧಿಗಳೇ.

2002ರ ಜುಲೈ 17ರಂದು ಮಂಡಳಿ ಮತಕ್ಕೆ ಹಾಕಿತು. ವಿನಾಯಿತಿಯನ್ನು ಬಿಟ್ಟುಕೊಡೋಣ ಎಂದವರು 13, ಉಳಿಸಿಕೊಳ್ಳೋಣ ಎಂದವರು 12.

ಅದೇ ಬೇಸಿಗೆಯಲ್ಲಿ ಕೊಳವೆಗೆ ಹೋಗುವ ನೀರಿಗೆ ಬ್ಲೀಚ್ ಹಾಕತೊಡಗಿದರು. ಎಲ್ಲ ನೀರಿಗೂ ಎರಡನೇ ಹಂತ ಸಿಗುವ ಹೊತ್ತಿಗೆ 2012 ಬಂತು. ವಿನಾಯಿತಿ ಉಳಿಸಿಕೊಳ್ಳೋಣ ಎಂದವರ ಮಾತಿನಲ್ಲೂ ಹುರುಳಿತ್ತು: ಗಾಳಿ ಊದುವ ಯಂತ್ರಗಳಿಗೆ ವಿದ್ಯುತ್ ಬೇಕು, ಎರಡನೇ ಹಂತ ಹೆಚ್ಚು ಕೆಸರು ಕೊಡುತ್ತದೆ. ಕಡಲಿಗೆ ಹೋಗದ ಕೆಸರು ಲಾರಿ ಹತ್ತಿ ಇನ್ನೊಬ್ಬರ ಊರಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಒಳನಾಡಿನ ಕರ್ನ್ ಕೌಂಟಿಯ ಮತದಾರರು 2006ರಲ್ಲಿ ಇಂಥ ಕೆಸರನ್ನು ತಮ್ಮ ಹೊಲಗಳಿಗೆ ಸುರಿಯಬಾರದು ಎಂದು ಮತ ಹಾಕಿದರು.

ಎರಡನೇ ಹಂತ ದಾಟಿದ ನೀರಿಗೆ ಇನ್ನೊಂದು ದಾರಿಯೂ ತೆರೆದಿತ್ತು. 2008ರಲ್ಲಿ ಪಕ್ಕದ ಫೌಂಟನ್ ವ್ಯಾಲಿಯ ಘಟಕ ಅಂಥ ನೀರನ್ನು ಸೂಕ್ಷ್ಮ ಶೋಧಕ, ಆರ್‌ಓ, ಅತಿನೇರಳೆ ಬೆಳಕು ಮೂರರಲ್ಲೂ ಹಾಯಿಸಿ ಅಂತರ್ಜಲಕ್ಕೆ ಇಂಗಿಸತೊಡಗಿತು. 2023ರ ವಿಸ್ತರಣೆಯ ನಂತರ ಅದರ ಸಾಮರ್ಥ್ಯ ದಿನಕ್ಕೆ ಸುಮಾರು 49 ಕೋಟಿ ಲೀಟರ್. ನೋಡಲು ಬಂದವರಿಗೆ ಕೊನೆಯ ನಲ್ಲಿಯಿಂದ ಅದೇ ನೀರನ್ನು ಕುಡಿಯಲು ಕೊಡುತ್ತಾರೆ. ನಮ್ಮ ಕೋಲಾರದ ಕೆರೆಗಳಿಗೆ 2018ರಿಂದ ಹರಿಯುತ್ತಿರುವ ಬೆಂಗಳೂರಿನ ನೀರು ಎರಡನೇ ಹಂತ ದಾಟಿದ್ದು; ಅದನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೇ ಹಂತವೂ ಬೇಕು ಎಂದು ಅಲ್ಲಿನ ರೈತರು ಕೇಳುತ್ತಿರುವುದು ಇದೇ ಅಂತರವನ್ನು ಕುರಿತು.

ಕಡಲ ಕೊಳವೆ ಇನ್ನೂ ಇದೆ. ಮನೆಯ ಆರ್‌ಓ ಯಂತ್ರ ಒಂದು ಸಣ್ಣ ಪೈಪಿನಲ್ಲಿ ಸಿಂಕಿಗೆ ಬಿಡುವ ಹಾಗೆ, ಆ ದೊಡ್ಡ ಘಟಕವೂ ಪೊರೆ ದಾಟದೆ ಉಳಿದದ್ದನ್ನು, ಉಪ್ಪು ರಾಸಾಯನಿಕಗಳೆಲ್ಲ ಗಟ್ಟಿಯಾದ ನೀರನ್ನು, ಹತ್ತು ಅಡಿಯ ಅದೇ ಕೊಳವೆಗೆ ಕಳಿಸುತ್ತದೆ. ನೀರಿನ ಪ್ರಮಾಣ ಇಳಿದಿದೆ, ಅದರೊಳಗಿನ ಸಾಂದ್ರತೆ ಏರಿದೆ. ಆ ನೀರಿನಲ್ಲಿ ಏನೇನನ್ನು ಅಳೆಯಬೇಕು ಎಂಬ ಪಟ್ಟಿಯನ್ನು ಪರವಾನಗಿ ನವೀಕರಣವಾದಾಗಲೆಲ್ಲ ಮತ್ತೆ ಬರೆಯಲಾಗುತ್ತದೆ.