ಸೆಫಲೋಝೈಗಾಪ್ಟೆರಾ: ತಲೆಯಿಂದ ಗುರುತು ಸಿಕ್ಕ ಕೀಟಗಳು

ಡ್ರ್ಯಾಗನ್‌ಫ್ಲೈ ಅಂದರೆ ನಮ್ಮ ಏರೋಪ್ಲೇನ್ ಚಿಟ್ಟೆ. ಹೆಸರಲ್ಲಿ ಚಿಟ್ಟೆ ಇದ್ದರೂ ಚಿಟ್ಟೆಗಳಿಗೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. ಇದು ಒಡೊನೇಟಾ ಎಂಬ ಗಣಕ್ಕೆ ಸೇರಿದ ಕೀಟ. ಆ ಗಣದಲ್ಲಿ ಇವತ್ತು ಬದುಕಿರುವ ಉಪಗಣಗಳು ಮೂರು. ಗಟ್ಟಿ ಮೈಯ, ಕೂತಾಗಲೂ ರೆಕ್ಕೆ ಚಾಚಿಕೊಂಡೇ ಇರುವ ಡ್ರ್ಯಾಗನ್‌ಫ್ಲೈಗಳದ್ದು ಒಂದು. ತೆಳು ಮೈಯ, ಕೂತಾಗ ಸಾಮಾನ್ಯವಾಗಿ ರೆಕ್ಕೆ ಮಡಚಿಕೊಳ್ಳುವ ಡ್ಯಾಮ್ಸೆಲ್‌ಫ್ಲೈಗಳದ್ದು ಇನ್ನೊಂದು. ಇದಕ್ಕೆ ವಿಜ್ಞಾನದಲ್ಲಿ ಝೈಗಾಪ್ಟೆರಾ ಎಂದು ಹೆಸರು. ಮೂರನೆಯದು ತೀರಾ ಚಿಕ್ಕದು. ಹಿಮಾಲಯ, ಜಪಾನ್, ಚೀನಾ ಕಡೆ ಅದರ ಬೆರಳೆಣಿಕೆಯ ಪ್ರಭೇದಗಳಷ್ಟೇ ಉಳಿದಿವೆ.

2021ರಲ್ಲಿ ಈ ಗಣಕ್ಕೆ ಇನ್ನೊಂದು ಹೆಸರು ಸೇರಿತು: ಸೆಫಲೋಝೈಗಾಪ್ಟೆರಾ. ಪೂರ್ತಿಯಾಗಿ ಅಳಿದುಹೋದ, ಪಳೆಯುಳಿಕೆಗಳಾಗಿ ಮಾತ್ರ ಸಿಗುವ ಕೀಟಗಳ ಉಪಗಣ ಇದು. ಗ್ರೀಕಿನಲ್ಲಿ ತಲೆಗೆ ಕೆಫಲೆ ಎನ್ನುತ್ತಾರೆ. ಹೆಸರಿನ ಮೊದಲ ಅರ್ಧ ಅಲ್ಲಿಂದ ಬಂದಿದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಆರ್ಚಿಬಾಲ್ಡ್, ರಾಯಲ್ ಬ್ರಿಟಿಷ್ ಕೊಲಂಬಿಯಾ ಮ್ಯೂಸಿಯಮ್ಮಿನ ರಾಬರ್ಟ್ ಕ್ಯಾನಿಂಗ್ಸ್ ಮತ್ತು ಸಂಗಡಿಗರು ಝೂಟ್ಯಾಕ್ಸಾ ಪತ್ರಿಕೆಯಲ್ಲಿ ಈ ಹೆಸರು ಕೊಟ್ಟರು.

ಹೆಸರು ಹೊಸದು, ಕೀಟಗಳ ಪರಿಚಯ ಮಾತ್ರ ಹಳೆಯದು. ಇಂಥ ಒಂದು ಪಳೆಯುಳಿಕೆಯ ಬಗ್ಗೆ ಕೀಟವಿಜ್ಞಾನಿ ಹೆರ್ಮಾನ್ ಹಾಗೆನ್ 1858ರಲ್ಲೇ ಬರೆದಿದ್ದ. 1878ರಲ್ಲಿ ಸ್ಯಾಮ್ಯುಯೆಲ್ ಸ್ಕಡರ್ ಅಮೆರಿಕದ ಗ್ರೀನ್ ರಿವರ್ ಶಿಲೆಗಳಿಂದ ಡಿಸಾಗ್ರಿಯಾನ್ ಎಂಬ ಕೀಟವನ್ನು ವಿವರಿಸಿದ. ಆಮೇಲೂ ಬೇರೆ ಬೇರೆ ದೇಶಗಳಲ್ಲಿ ಇವು ಸಿಗುತ್ತಲೇ ಹೋದವು. ಸಿಕ್ಕಿದ್ದನ್ನೆಲ್ಲ ಡ್ಯಾಮ್ಸೆಲ್‌ಫ್ಲೈಗಳ ಜೊತೆಗೇ ಸೇರಿಸುತ್ತಾ ಬಂದರು.

ಹಾಗೆ ಸೇರಿಸಿದ್ದಕ್ಕೆ ಕಾರಣವೂ ಇತ್ತು. ಈ ಕೀಟಗಳ ಪಳೆಯುಳಿಕೆಯಲ್ಲಿ ಜಾಸ್ತಿ ಸಿಗುವುದು ರೆಕ್ಕೆ. ರೆಕ್ಕೆಯಲ್ಲಿ ಮಾಂಸ ಇಲ್ಲ. ಬೇಟೆಯಾಡುವ ಪ್ರಾಣಿ ಮೈಯನ್ನು ತಿಂದು ರೆಕ್ಕೆ ಬಿಟ್ಟುಹೋಗುತ್ತದೆ. ನೀರಲ್ಲಿ ಬಿದ್ದ ಮೈ ಬೇಗ ಕೊಳೆಯುತ್ತದೆ, ರೆಕ್ಕೆ ಕೆಸರಿನಲ್ಲಿ ಉಳಿಯುತ್ತದೆ. ಹಾಗಾಗಿ ಒಡೊನೇಟಾ ಪಳೆಯುಳಿಕೆ ಓದುವವರು ಮೊದಲಿಂದಲೂ ರೆಕ್ಕೆಯ ನರಗಳನ್ನೇ ನೆಚ್ಚಿಕೊಂಡಿದ್ದಾರೆ. ಮುಂದಿನ ಅಂಚಿನ ಗಂಟು ಎಲ್ಲಿದೆ, ತುದಿ ಹತ್ತಿರದ ಬಣ್ಣದ ಚುಕ್ಕೆ ಎಷ್ಟು ಉದ್ದ, ಯಾವ ನರ ಎಲ್ಲಿ ಕವಲೊಡೆದಿದೆ, ಇವೇ ಅವರ ಗುರುತುಗಳು. ಈ ಲೆಕ್ಕದಲ್ಲಿ ಸೆಫಲೋಝೈಗಾಪ್ಟೆರಾದ ರೆಕ್ಕೆ ಡ್ಯಾಮ್ಸೆಲ್‌ಫ್ಲೈ ರೆಕ್ಕೆಗೆ ತುಂಬಾ ಹತ್ತಿರ.

ವ್ಯತ್ಯಾಸ ಇದ್ದದ್ದು ತಲೆಯಲ್ಲಿ. ಬದುಕಿರುವ ಯಾವುದೇ ಡ್ಯಾಮ್ಸೆಲ್‌ಫ್ಲೈಯನ್ನು ಎದುರಿನಿಂದ ನೋಡಿ. ತಲೆ ಅಡ್ಡಡ್ಡವಾಗಿ, ಸುತ್ತಿಗೆಯ ಹಾಗೆ ಕಾಣುತ್ತದೆ. ಕಣ್ಣುಗಳು ಎರಡೂ ಬದಿಗೆ ಚಾಚಿಕೊಂಡಿರುತ್ತವೆ. ಅವುಗಳ ನಡುವಿನ ಅಂತರ ಒಂದು ಕಣ್ಣಿನ ಅಗಲಕ್ಕಿಂತ ಜಾಸ್ತಿ. ಸಾವಿರಾರು ಪ್ರಭೇದಗಳಲ್ಲೂ ಈ ಲಕ್ಷಣ ಬದಲಾಗುವುದಿಲ್ಲ. ಈ ಪಳೆಯುಳಿಕೆಗಳಲ್ಲಿ ತಲೆ ಉರುಟು. ಕಣ್ಣುಗಳು ಬದಿಗೆ ಚಾಚಿಲ್ಲ, ತಲೆಗೆ ಒತ್ತಿಕೊಂಡಂತೆ ಇವೆ.

ಇಷ್ಟು ಎದ್ದು ಕಾಣುವ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲಿಲ್ವಾ? ಬಿದ್ದಿತ್ತು. ಆದರೆ ಅದಕ್ಕೆ ಒಂದು ಸಮಾಧಾನ ಸಿದ್ಧವಾಗಿತ್ತು: ಕೀಟ ಕಲ್ಲಾಗುವಾಗ ತಲೆ ಒತ್ತಿಹೋಗಿ ಆಕಾರ ಕೆಟ್ಟಿದೆ. ಇದು ಸುಮ್ನೆ ಹೇಳಿದ ಮಾತೇನಲ್ಲ. ಕೆಸರಿನ ಪದರಗಳ ಭಾರಕ್ಕೆ ಕೀಟದ ಮೈ ಚಪ್ಪಟೆಯಾಗುವುದು ನಿಜ. ಒಂದೇ ಪಳೆಯುಳಿಕೆ ಎದುರಿಗಿದ್ದರೆ ಈ ವಿವರಣೆಯನ್ನು ತಳ್ಳಿಹಾಕುವುದು ಕಷ್ಟ.

ಈಗ ಹೀಗೆ ಯೋಚಿಸಿ. ಒಂದು ಕೀಟ ಮಗ್ಗುಲಾಗಿ ಬಿದ್ದಿರುತ್ತದೆ, ಇನ್ನೊಂದು ಬೋರಲಾಗಿ, ಮತ್ತೊಂದು ಓರೆಯಾಗಿ. ಭಾರ ಬಿದ್ದಾಗ ಒಂದೊಂದರ ತಲೆ ಒಂದೊಂದು ರೀತಿ ವಿರೂಪವಾಗಬೇಕು ಅಲ್ವಾ? ಬೇರೆ ಬೇರೆ ಜಾಗದ, ಬೇರೆ ಬೇರೆ ಕಾಲದ ಕಲ್ಲುಗಳಲ್ಲಿ ಸಿಕ್ಕ ತಲೆಗಳೆಲ್ಲ ಒಂದೇ ಆಕಾರದಲ್ಲಿ ಇದ್ದರೆ ಅದನ್ನು ವಿರೂಪ ಅನ್ನುವುದು ಕಷ್ಟ. ಅದು ಆ ಕೀಟದ ನಿಜವಾದ ತಲೆಯೇ ಇರಬೇಕು. ಆರ್ಚಿಬಾಲ್ಡ್ ತಂಡದ ವಾದದ ತಿರುಳು ಇದೇ. ಹೊಸ ಯಂತ್ರ ಬೇಕಾಗಲಿಲ್ಲ, ಪಳೆಯುಳಿಕೆಗಳನ್ನು ಒಟ್ಟಿಗೆ ಇಟ್ಟು ನೋಡುವ ತಾಳ್ಮೆ ಬೇಕಾಗಿತ್ತು. ನನಗೆ ಈ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಅದು.

ಅವರ ಕೈಗೆ ಸಿಕ್ಕ ಪಳೆಯುಳಿಕೆಗಳು ಒಕನಾಗನ್ ಹೈಲ್ಯಾಂಡ್ಸ್ ಎಂಬ ಪ್ರದೇಶದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದವರೆಗೆ ಹರಡಿರುವ ಹಳೆಯ ಸರೋವರಗಳ ತಳ ಅದು. ಮೆಕಾಬಿ, ರಿಪಬ್ಲಿಕ್ ಎಂಬ ಜಾಗಗಳು ಪಳೆಯುಳಿಕೆ ಹುಡುಕುವವರಿಗೆಲ್ಲ ಗೊತ್ತು. ಅಲ್ಲಿನ ಕಲ್ಲಿಗೆ ಸುಮಾರು 5 ಕೋಟಿ ವರ್ಷ ವಯಸ್ಸು. ಸರೋವರದ ತಳದಲ್ಲಿ ತೆಳು ಪದರಗಳಾಗಿ ಕೂತ ನಯವಾದ ಕೆಸರು ರೆಕ್ಕೆಯ ಸಣ್ಣ ನರವನ್ನೂ ಕಾಪಾಡಿಕೊಂಡಿದೆ. ಅಲ್ಲಿಂದ ಬಂದ ಹೊಸ ಕುಲಗಳಲ್ಲಿ ಎರಡಕ್ಕೆ ಒಕನಾಗ್ರಿಯಾನ್, ಒಕನಾಪ್ಟೆರಿಕ್ಸ್ ಎಂದು ಊರಿನ ಹೆಸರೇ ಸಿಕ್ಕಿದೆ.

ಒಟ್ಟು ಸುಮಾರು 60 ಪ್ರಭೇದಗಳನ್ನು ಈ ಉಪಗಣಕ್ಕೆ ಸೇರಿಸಿದ್ದಾರೆ. ತೀರಾ ಹಳೆಯದು ಡೈನೋಸಾರ್‌ಗಳ ಕಾಲದ್ದು, ಚೀನಾದಲ್ಲಿ ಸಿಕ್ಕಿದೆ. ಕೊನೆಯವು ಸುಮಾರು 1 ಕೋಟಿ ವರ್ಷದ ಹಿಂದೆ ಯುರೋಪಿನಲ್ಲಿದ್ದವು. ಅಂದರೆ ಡೈನೋಸಾರ್‌ಗಳ ಅಂತ್ಯ ಮಾಡಿದ ಆ ದೊಡ್ಡ ಅಳಿವನ್ನು ದಾಟಿ ಬಂದ ವಂಶ ಇದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಆಗುತ್ತದೆ. ಪಳೆಯುಳಿಕೆ ಅಂದ ಕೂಡಲೇ ಪೂರ್ವಜ ಅಂದುಕೊಳ್ಳುತ್ತೇವೆ. ಇವು ಇಂದಿನ ಡ್ರ್ಯಾಗನ್‌ಫ್ಲೈಗಳಿಗಾಗಲಿ ಡ್ಯಾಮ್ಸೆಲ್‌ಫ್ಲೈಗಳಿಗಾಗಲಿ ಪೂರ್ವಜರಲ್ಲ. ಪಕ್ಕದಲ್ಲೇ ಬೆಳೆದು, ಅವೆರಡರ ಕಾಲದಲ್ಲೇ ಹಾರಾಡಿ, ಆಮೇಲೆ ನಿಂತುಹೋದ ಕವಲು. ಡ್ಯಾಮ್ಸೆಲ್‌ಫ್ಲೈಗಳಿಗೆ ಜಾಸ್ತಿ ಹತ್ತಿರದ ದಾಯಾದಿಗಳು ಅನ್ನಬಹುದು.

ಈ ಉಪಗಣವನ್ನು ಎಲ್ಲರೂ ಒಪ್ಪಿಲ್ಲ. ಪಳೆಯುಳಿಕೆ ಕೀಟಗಳನ್ನು ಓದುವ ಆಂದ್ರೆ ನೆಲ್ ಮತ್ತು ದಾರಾನ್ ಝೆಂಗ್ ಅದೇ 2021ರಲ್ಲಿ ಇದನ್ನು ಪ್ರಶ್ನಿಸಿ ಬರೆದರು. ಹೊಸ ಉಪಗಣ ಅನ್ನುವುದು ದೊಡ್ಡ ಮಾತು. ಮೂರು ಜೀವಂತ ಗುಂಪುಗಳ ಸಾಲಿನಲ್ಲಿ ನಾಲ್ಕನೆಯದನ್ನು ನಿಲ್ಲಿಸಿದಂತೆ. ಅದಕ್ಕೆ ಗಟ್ಟಿ ಸಾಕ್ಷಿ ಕೇಳುವುದು ಸರಿಯೇ. ನನ್ನ ಮಟ್ಟಿಗೆ, ಪದೇ ಪದೇ ಅದೇ ತಲೆ ಸಿಗುತ್ತಿರುವುದನ್ನು ಕಡೆಗಣಿಸುವುದು ಈಗ ಸುಲಭವಲ್ಲ. ಇಂಥ ಕೀಟದ ತಲೆ ಚೆನ್ನಾಗಿ ಉಳಿದಿರುವ ಅಂಬರ್ (ಕಲ್ಲಿನಂತಾದ ಮರದ ಅಂಟು) ತುಂಡು ಸಿಕ್ಕರೆ ಚರ್ಚೆಗೆ ದೊಡ್ಡ ಸಹಾಯ ಆಗುತ್ತದೆ. ಮರದ ಅಂಟಿನಲ್ಲಿ ಸಿಕ್ಕಿಕೊಂಡ ಕೀಟ ಕೆಸರಿನಲ್ಲಿ ಹೂತ ಕೀಟದಷ್ಟು ಚಪ್ಪಟೆಯಾಗುವುದಿಲ್ಲ. ಕಣ್ಣು ತಲೆಯ ಯಾವ ಜಾಗದಲ್ಲಿತ್ತು ಎಂದು ಸುತ್ತಲಿಂದ ನೋಡಿಯೇ ಹೇಳಬಹುದು.