ಅರ್ಧ ಕಟ್ಟು ಬಿಚ್ಚಿದ ಆಟಗಾರ: ಎನ್‌ಎಚ್‌ಎಲ್‌ನಲ್ಲಿ ಆರ್‌ಎಫ್‌ಎ ಒಪ್ಪಂದದ ಲೆಕ್ಕ

ಹಾಕಿ ಎಂದ ಕೂಡಲೇ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಈ ಟಿಪ್ಪಣಿ ಉತ್ತರ ಅಮೆರಿಕದ ಐಸ್ ಹಾಕಿಯದು, ಅಂದರೆ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನದು. ಅಲ್ಲಿ ಆರ್‌ಎಫ್‌ಎ ಎಂದು ಕರೆಸಿಕೊಳ್ಳುವ ನಿರ್ಬಂಧಿತ ಮುಕ್ತ ಆಟಗಾರನ ಒಪ್ಪಂದ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದು ವಿಷಯ. ಮೊತ್ತಗಳೆಲ್ಲ ಅಮೆರಿಕನ್ ಡಾಲರ್‌ನಲ್ಲಿವೆ. ಓದುವಾಗ ಮೊತ್ತಕ್ಕಿಂತ ತಾರೀಖಿನ ಮೇಲೆ ಕಣ್ಣಿಡಿ. ಒಂದೊಂದು ಗಡುವು ದಾಟಿದಾಗಲೂ ಜುಟ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಬೆಲೆ ಆಮೇಲೆ ತಾನಾಗಿ ಕುದುರುತ್ತದೆ.

ಮಿತಿ ಎಂದರೆ ಯಾವುದರ ಮಿತಿ?

2004-05ರ ಇಡೀ ಸೀಸನ್ ಲಾಕೌಟ್‌ಗೆ (ಮಾಲೀಕರೇ ಆಟ ನಿಲ್ಲಿಸಿದ್ದಕ್ಕೆ) ಬಲಿಯಾದ ಮೇಲೆ, 2005-06ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಜಾರಿಗೆ ಬಂತು. ಆಗ ಅದು 3.9 ಕೋಟಿ. 2024-25ರಲ್ಲಿ 8.8 ಕೋಟಿ, 2025-26ಕ್ಕೆ 9.55 ಕೋಟಿ. ಇದು ಗಟ್ಟಿ ಮಿತಿ. ದಂಡ ಕಟ್ಟಿ ದಾಟುವ ದಾರಿ ಇಲ್ಲ. ಬೇಸಿಗೆಯಲ್ಲಿ ಮಾತ್ರ ಶೇ. 10ರಷ್ಟು ಮೇಲೆ ಹೋಗಬಹುದು, ಸೀಸನ್ ಶುರುವಾಗುವ ಹೊತ್ತಿಗೆ ಒಳಗೆ ಬಂದಿರಬೇಕು.

ಮಿತಿಯಡಿ ಎಣಿಸುವುದು ಆ ವರ್ಷ ಕೈಗೆ ಕೊಟ್ಟ ಹಣವನ್ನಲ್ಲ, ಒಪ್ಪಂದದ ವಾರ್ಷಿಕ ಸರಾಸರಿಯನ್ನು. ಅದಕ್ಕೆ ಕ್ಯಾಪ್ ಹಿಟ್ ಎನ್ನುತ್ತಾರೆ. ಮೊದಲ ವರ್ಷ 1 ಕೋಟಿ, ಎರಡನೇ ವರ್ಷ 20 ಲಕ್ಷ ಕೊಟ್ಟರೂ ಎರಡೂ ವರ್ಷ ಪುಸ್ತಕದಲ್ಲಿ ಬರೆಯುವುದು 60 ಲಕ್ಷ. ಕೈಗೆ ಬರುವ ಹಣ ಬೇರೆ, ಪುಸ್ತಕದ ಲೆಕ್ಕ ಬೇರೆ. ಮುಂದೆ ಬರುವ ಚಾಲಾಕಿಗಳೆಲ್ಲ ಈ ಬಿರುಕಿನಲ್ಲೇ ಹುಟ್ಟುತ್ತವೆ.

ಯಾರು ಆರ್‌ಎಫ್‌ಎ?

ಒಪ್ಪಂದ ಮುಗಿದಿರಬೇಕು, ಆದರೆ ಪೂರ್ತಿ ಸ್ವತಂತ್ರನಾಗುವ ಅರ್ಹತೆ ಬಂದಿರಬಾರದು. ಆ ಅರ್ಹತೆ ಸಾಮಾನ್ಯವಾಗಿ 27 ವಯಸ್ಸಿಗೆ ಅಥವಾ 7 ಸೀಸನ್ ಜಮೆಯಾದಾಗ ಬರುತ್ತದೆ. ಇವರಲ್ಲೂ ಮೂರು ತರದವರಿದ್ದಾರೆ, ಕಲಿಯುವವರು ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವೃತ್ತಿಪರ ಅನುಭವ ಸಾಲದವರು ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಕರಾರಿನ 10.2(ಸಿ) ಕಲಮಿನ ಅಡಿ ಬರುತ್ತಾರೆ. ಬೇರೆ ತಂಡದವರು ಅವರಿಗೆ ಆಫರ್ ಕೊಡುವಂತಿಲ್ಲ, ಸಂಬಳ ನಿಗದಿಗೆ ಮಧ್ಯಸ್ಥಗಾರನ ಪಂಚಾಯ್ತಿಗೂ ಅವರು ಹೋಗುವಂತಿಲ್ಲ. ಆಡಲ್ಲ ಎಂದು ಮನೆಯಲ್ಲಿ ಕೂರುವುದೊಂದೇ ಅವರ ಅಸ್ತ್ರ. ಎರಡನೆಯವರಿಗೆ ಹೊರಗಿನ ಆಫರ್ ಬರಬಹುದು. ಮೂರನೆಯವರಿಗೆ ಅದರ ಜತೆಗೆ ಪಂಚಾಯ್ತಿಯ ಹಕ್ಕೂ ಇದೆ.

2021ರ ವ್ಯಾಂಕೂವರ್ ತಂಡ ಇದಕ್ಕೆ ಒಳ್ಳೆಯ ಪಾಠ. ಎಲಿಯಾಸ್ ಪೆಟರ್ಸನ್, ಕ್ವಿನ್ ಹ್ಯೂಸ್ ಇಬ್ಬರ ಒಪ್ಪಂದವೂ ಒಂದೇ ಬೇಸಿಗೆಯಲ್ಲಿ ಮುಗಿಯಿತು. ಹ್ಯೂಸ್ 2018-19ರಲ್ಲಿ ಆಡಿದ್ದು 5 ಪಂದ್ಯ. ಒಪ್ಪಂದದ ಒಂದು ವರ್ಷ ಕಳೆಯಿತು, ಆದರೆ ಅನುಭವದ ಖಾತೆಗೆ ಆ ವರ್ಷ ಸೇರಲಿಲ್ಲ, ಅದಕ್ಕೆ 10 ಪಂದ್ಯ ಬೇಕಿತ್ತು. ಹಾಗಾಗಿ ಅವರು 10.2(ಸಿ)ಯಲ್ಲಿ ಉಳಿದರು, ಹೊರಗಿನ ಆಫರ್‌ನ ಭಯ ಇದ್ದದ್ದು ಪೆಟರ್ಸನ್ ವಿಷಯದಲ್ಲಿ ಮಾತ್ರ. ಕೊನೆಗೆ ಇಬ್ಬರೂ ಅಕ್ಟೋಬರ್‌ವರೆಗೆ ಕಾದು ಸಹಿ ಹಾಕಿದರು: ಹ್ಯೂಸ್ 6 ವರ್ಷ, 78.5 ಲಕ್ಷ ಸರಾಸರಿ. ಪೆಟರ್ಸನ್ 3 ವರ್ಷ, 73.5 ಲಕ್ಷ.

ಕ್ವಾಲಿಫೈಯಿಂಗ್ ಆಫರ್ ಎಂಬ ಬೇಲಿ

ಜೂನ್ ಕೊನೆಯ ದಿನಗಳಲ್ಲಿ ತಂಡ ಆಟಗಾರನಿಗೆ ಒಂದು ವರ್ಷದ ಕನಿಷ್ಠ ಆಫರ್ ಕಳಿಸಬೇಕು. ಕಳಿಸಿದರೆ ಆಟಗಾರನ ಮೇಲಿನ ಹಕ್ಕು ಉಳಿಯಿತು, ಇಲ್ಲದಿದ್ದರೆ ಅವನು ಜುಲೈ 1ಕ್ಕೆ ಪೂರ್ತಿ ಸ್ವತಂತ್ರ. ಆಟಗಾರ ಒಪ್ಪಲೇಬೇಕೆಂದಿಲ್ಲ, ಆಫರ್ ಜುಲೈ 15ಕ್ಕೆ ತಾನಾಗಿ ಬಿದ್ದುಹೋಗುತ್ತದೆ. ಆದರೆ ಹಕ್ಕು ಬೀಳುವುದಿಲ್ಲ.

ಮೊತ್ತ ಹಾಕುವ ಕ್ರಮ: ಕೊನೆಯ ವರ್ಷದ ಮೂಲ ಸಂಬಳ 10 ಲಕ್ಷದೊಳಗಿದ್ದರೆ ಅದರ ಶೇ. 105 (ಆದರೆ 10 ಲಕ್ಷ ಮೀರುವಂತಿಲ್ಲ), ಮೇಲಿದ್ದರೆ ಶೇ. 100. ಸಹಿ ಬೋನಸ್ ಇದರಲ್ಲಿ ಸೇರದು. ಡ್ರಾಫ್ಟ್‌ನ (ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆ) ಮೊದಲ ಸುತ್ತಿನ ಹುಡುಗರ ಹಿಂದಿನ 9,25,000ದ ಆರಂಭಿಕ ಒಪ್ಪಂದದಲ್ಲಿ ಮೂಲ ಸಂಬಳ ಸಾಮಾನ್ಯವಾಗಿ 8,32,500, ಬೋನಸ್ 92,500 ಇರುತ್ತಿತ್ತು. 8,32,500ರ ಶೇ. 105 ಎಂದರೆ 8,74,125. 40 ಗೋಲು ಹೊಡೆದವನಿಗೂ ಇಷ್ಟೇ. ಅವಮಾನವೇನಲ್ಲ ಅದು, ಬೇಲಿಯ ಗೂಟ ಅಷ್ಟೆ.

ಗೂಟವೇ ತಂಡದ ಕಾಲಿಗೆ ಚುಚ್ಚಿದ ಉದಾಹರಣೆಯೂ ಇದೆ. ಸ್ಯಾನ್ ಹೋಸೆಯ ಟೀಮೊ ಮೇಯರ್ 2019ರಲ್ಲಿ ಹಾಕಿದ 4 ವರ್ಷದ ಒಪ್ಪಂದದ ಸರಾಸರಿ 60 ಲಕ್ಷ, ಆದರೆ ಕೊನೆಯ ವರ್ಷದ ಸಂಬಳ 1 ಕೋಟಿ. ಹಕ್ಕು ಉಳಿಸಿಕೊಳ್ಳಬೇಕಾದರೆ 1 ಕೋಟಿಯ ಆಫರ್ ಕೊಡಬೇಕಿತ್ತು. 2023ರ ಫೆಬ್ರವರಿಯಲ್ಲಿ ಅವರನ್ನು ನ್ಯೂಜೆರ್ಸಿಗೆ ಸಾಗಹಾಕಿದರು. 2020ರ ತಿದ್ದುಪಡಿ ಈ ಚಾಳಿಗೆ ಕಡಿವಾಣ ಹಾಕಿತು: ಆ ನಂತರ ಸಹಿಯಾದ ಒಪ್ಪಂದಗಳಲ್ಲಿ ಆಫರ್ ಸರಾಸರಿಯ ಶೇ. 120 ಮೀರಬೇಕಿಲ್ಲ. ಪೆಟರ್ಸನ್‌ರ ಕೊನೆಯ ವರ್ಷದ ಸಂಬಳ 1.025 ಕೋಟಿ ಇದ್ದರೂ, ಆಫರ್ 73.5 ಲಕ್ಷದ ಶೇ. 120ಕ್ಕೆ, ಅಂದರೆ 88.2 ಲಕ್ಷಕ್ಕೆ ನಿಲ್ಲುತ್ತಿತ್ತು. ಹಳೆಯ ಒಪ್ಪಂದ ಓದುವಾಗ ಸಹಿಯ ತಾರೀಖು ನೋಡದೆ ಈ ಲೆಕ್ಕ ಹಾಕಬೇಡಿ.

ಬೇಕೆಂದೇ ಆಫರ್ ಕೊಡದಿರುವುದೂ ಉಂಟು. 2022ರಲ್ಲಿ ಶಿಕಾಗೊ ಡಿಲನ್ ಸ್ಟ್ರೋಮ್‌ಗೆ ಕೊಡಲಿಲ್ಲ, ಅವರು ಸ್ವತಂತ್ರರಾಗಿ ವಾಷಿಂಗ್ಟನ್ ಸೇರಿದರು. ಕೊಡಬೇಕೆಂದಿದ್ದರೂ ತಪ್ಪಿಹೋಗುವುದೂ ಉಂಟು. 2009ರಲ್ಲಿ ಇದೇ ಶಿಕಾಗೊ ಆಫರ್ ಪತ್ರಗಳನ್ನು ಗಡುವಿನೊಳಗೆ ಸರಿಯಾಗಿ ತಲುಪಿಸಲಿಲ್ಲ. ಆಟಗಾರರ ಸಂಘ ತಕರಾರು ಎತ್ತಿತು, ತಂಡ ಕ್ರಿಸ್ ವರ್ಸ್ಟೀಗ್, ಕ್ಯಾಮ್ ಬಾರ್ಕರ್ ಮುಂತಾದವರಿಗೆ ಗಡಿಬಿಡಿಯಲ್ಲಿ ಒಪ್ಪಂದ ಕೊಟ್ಟಿತು. ಅದೇ ಜುಲೈನಲ್ಲಿ ಜನರಲ್ ಮ್ಯಾನೇಜರ್ ಡೇಲ್ ಟ್ಯಾಲನ್ ಕುರ್ಚಿಯಿಂದ ಇಳಿಯಬೇಕಾಯಿತು. ಅಂಚೆ ಲಕೋಟೆಯ ಕೆಲಸ ಎಂದು ಯಾರೂ ಹಗುರಾಗಿ ತೆಗೆದುಕೊಳ್ಳುವುದಿಲ್ಲ ಈಗ.

ಪಂಚಾಯ್ತಿ

ಇದನ್ನು ಬೇಗ ಮುಗಿಸೋಣ. ಅರ್ಹ ಆಟಗಾರ ಜುಲೈ 5ರೊಳಗೆ ಅರ್ಜಿ ಹಾಕಬಹುದು, ಕೆಲವು ಸಂದರ್ಭಗಳಲ್ಲಿ ತಂಡವೂ ಹಾಕಬಹುದು. ಮಧ್ಯಸ್ಥಗಾರ ವಾದ ಕೇಳಿ 48 ಗಂಟೆಯಲ್ಲಿ ತೀರ್ಪು ಕೊಡುತ್ತಾನೆ. ಅವಧಿ 1 ಅಥವಾ 2 ವರ್ಷ. ಆಟಗಾರ ಕರೆದಿದ್ದರೆ ಅವಧಿಯನ್ನು ಆರಿಸುವುದು ತಂಡ. ತೀರ್ಪಿನ ಮೊತ್ತ ನಿಗದಿತ ಮಟ್ಟ ದಾಟಿದರೆ ತಂಡ ಕೈಬಿಟ್ಟು ನಡೆಯಬಹುದು. ವಾದದಲ್ಲಿ ಅಂಕಿಅಂಶ, ಗಾಯ, ಹೋಲಿಕೆಗೆ ಸಲ್ಲುವ ಆರ್‌ಎಫ್‌ಎಗಳ ಸಂಬಳ ತರಬಹುದು. ಪೂರ್ತಿ ಸ್ವತಂತ್ರರಾಗಿ ಸಹಿ ಹಾಕಿದವರ ಸಂಬಳ, ತಂಡದ ಕ್ಯಾಪ್ ಇಕ್ಕಟ್ಟು, ಪತ್ರಿಕೆಯ ಹೊಗಳಿಕೆ ತರುವಂತಿಲ್ಲ. ಬಾಸ್ಟನ್‌ನ ಗೋಲ್‌ಕೀಪರ್ ಜೆರೆಮಿ ಸ್ವೇಮನ್‌ಗೆ 2023ರಲ್ಲಿ ಸಿಕ್ಕ ತೀರ್ಪು ಒಂದು ವರ್ಷಕ್ಕೆ 34,75,000. ಮರುವರ್ಷ ಅಕ್ಟೋಬರ್‌ವರೆಗೆ ಹಗ್ಗಜಗ್ಗಾಟ ನಡೆದು 8 ವರ್ಷಕ್ಕೆ 82.5 ಲಕ್ಷ ಸರಾಸರಿಯಲ್ಲಿ ಮುಗಿಯಿತು. ತನ್ನದೇ ತಂಡ ಎದುರಿಗೆ ಕೂತು ತನ್ನ ಕೊರತೆ ಎಣಿಸುವುದನ್ನು ಯಾರೂ ಸುಲಭಕ್ಕೆ ಮರೆಯುವುದಿಲ್ಲ. ಒಂದು ಅಂಶ ಗುರುತು ಹಾಕಿಕೊಳ್ಳಿ: ಪಂಚಾಯ್ತಿಗೆ ಹೋದವನು ಹೊರಗಿನ ಆಫರ್‌ಗೆ ಸಹಿ ಹಾಕುವಂತಿಲ್ಲ. ಕೊನೆಯಲ್ಲಿ ಇದು ಬೇಕಾಗುತ್ತದೆ.

ಹೊರಗಿನ ಆಫರ್ ಶೀಟ್

ಐಪಿಎಲ್‌ನ ಆರ್‌ಟಿಎಂ ಕಾರ್ಡ್ ಗೊತ್ತಿದ್ದರೆ ಅರ್ಧ ಗೊತ್ತಾದಂತೆ. ಬೇರೆ ತಂಡ ಆಟಗಾರನ ಜತೆ ಒಪ್ಪಂದ ಬರೆದುಕೊಳ್ಳುತ್ತದೆ, ಹಳೆಯ ತಂಡಕ್ಕೆ 7 ದಿನ ಸಮಯ. ಅದೇ ಷರತ್ತುಗಳನ್ನು ಅಕ್ಷರಶಃ ಒಪ್ಪಿ ಉಳಿಸಿಕೊಳ್ಳಬಹುದು, ಇಲ್ಲವೇ ಬಿಟ್ಟುಕೊಟ್ಟು ಪರಿಹಾರವಾಗಿ ಡ್ರಾಫ್ಟ್ ಆಯ್ಕೆಗಳನ್ನು ಪಡೆಯಬಹುದು. ಉಳಿಸಿಕೊಂಡರೆ ಒಂದು ವರ್ಷ ಮಾರುವಂತಿಲ್ಲ. 2024ರ ಪರಿಹಾರದ ಮೆಟ್ಟಿಲುಗಳು ಹೀಗಿದ್ದವು:

15,11,701ರವರೆಗೆ: ಏನೂ ಇಲ್ಲ
22,90,457ರವರೆಗೆ: ಮೂರನೇ ಸುತ್ತಿನದು ಒಂದು
45,80,917ರವರೆಗೆ: ಎರಡನೇ ಸುತ್ತಿನದು ಒಂದು
68,71,374ರವರೆಗೆ: ಮೊದಲನೆಯದು, ಮೂರನೆಯದು
91,61,834ರವರೆಗೆ: ಮೊದಲನೆಯದು, ಎರಡನೆಯದು, ಮೂರನೆಯದು
1,14,52,294ರವರೆಗೆ: ಮೊದಲನೆಯವು ಎರಡು, ಜತೆಗೆ ಎರಡನೆಯದು, ಮೂರನೆಯದು
ಅದರ ಮೇಲೆ: ಮೊದಲ ಸುತ್ತಿನವು ನಾಲ್ಕು

ಮೆಟ್ಟಿಲು ಹುಡುಕುವಾಗ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸುತ್ತಾರೆ, ಆದರೆ ಭಾಜಕ 5 ಮೀರುವುದಿಲ್ಲ. ವರ್ಷಕ್ಕೆ 70 ಲಕ್ಷದಂತೆ 7 ವರ್ಷ ಕೊಟ್ಟರೆ ಒಟ್ಟು 4.9 ಕೋಟಿ, ಅದನ್ನು 5ರಿಂದ ಭಾಗಿಸಿದರೆ 98 ಲಕ್ಷ. ಕ್ಯಾಪ್ ಹಿಟ್ 70 ಲಕ್ಷವೇ ಆದರೂ ಪರಿಹಾರ ಒಂದು ಮೆಟ್ಟಿಲು ಮೇಲಕ್ಕೆ ಜಿಗಿದು ಮೊದಲ ಸುತ್ತಿನ ಇನ್ನೊಂದು ಆಯ್ಕೆ ಹೋಗುತ್ತದೆ. ಆಫರ್ ಶೀಟುಗಳು 5 ವರ್ಷ ದಾಟಲು ಹಿಂಜರಿಯುವುದು ಇದಕ್ಕೇ.

ಇನ್ನೊಂದು ಷರತ್ತು: ಕೊಡುವ ಆಯ್ಕೆಗಳು ತಂಡದ ಸ್ವಂತದ್ದೇ ಆಗಿರಬೇಕು, ಬೇರೆಯವರಿಂದ ಕೊಂಡದ್ದು ನಡೆಯದು.

ಈಗ 2024ರ ಆಗಸ್ಟ್ 13ನ್ನು ನೋಡಿ. ಸೇಂಟ್ ಲೂಯಿಸ್ ಎಡ್ಮಂಟನ್‌ನ ಇಬ್ಬರಿಗೆ ಒಟ್ಟೊಟ್ಟಿಗೆ ಆಫರ್ ಹಾಕಿತು. ಫಿಲಿಪ್ ಬ್ರೊಬರ್ಗ್‌ಗೆ 2 ವರ್ಷ, ಸರಾಸರಿ 45,80,917. ಡಿಲನ್ ಹಾಲೊವೇಗೆ 2 ವರ್ಷ, ಸರಾಸರಿ 22,90,457. ಮೇಲಿನ ಪಟ್ಟಿಗೆ ಹೋಲಿಸಿ: ಎರಡೂ ಆಯಾ ಮೆಟ್ಟಿಲಿನ ತುತ್ತತುದಿ, ಒಂದು ಡಾಲರ್ ಹೆಚ್ಚಿದರೂ ಮುಂದಿನ ಮೆಟ್ಟಿಲು. ಒಬ್ಬನಿಗೆ ಎರಡನೇ ಸುತ್ತು, ಇನ್ನೊಬ್ಬನಿಗೆ ಮೂರನೇ ಸುತ್ತು ಎಂದು ಬೇರೆಬೇರೆ ಮೆಟ್ಟಿಲು ಹಿಡಿದದ್ದೂ ಸುಮ್ಮನಲ್ಲ. ಒಂದು ಡ್ರಾಫ್ಟ್‌ನಲ್ಲಿ ತಂಡಕ್ಕೆ ಸ್ವಂತದ ಎರಡನೇ ಸುತ್ತಿನ ಆಯ್ಕೆ ಒಂದೇ ಇರುತ್ತದೆ. ಅದನ್ನೂ ಸೇಂಟ್ ಲೂಯಿಸ್ ಜೂನ್‌ನಲ್ಲಿ ಕೆವಿನ್ ಹೇಯ್ಸ್ ಜತೆ ಪಿಟ್ಸ್‌ಬರ್ಗ್‌ಗೆ ಕೊಟ್ಟುಬಿಟ್ಟಿತ್ತು, ಆಫರ್‌ಗೆ ಮುಂಚೆ ವಾಪಸ್ ಕೊಂಡಿತು. ಎದುರಾಳಿಯ ಗೋದಾಮು ಗಮನಿಸುವವರಿಗೆ ಆ ವ್ಯವಹಾರವೇ ಸುಳಿವು.

ಎಡ್ಮಂಟನ್ ಇಬ್ಬರನ್ನೂ ಉಳಿಸಿಕೊಳ್ಳಲು 68,71,374 ಹೊಂದಿಸಬೇಕಿತ್ತು. ಆಗಸ್ಟ್ ಹೊತ್ತಿಗೆ ಮಿತಿಯ ಅಂಚಿನಲ್ಲಿದ್ದ ತಂಡಕ್ಕೆ ಅದು ಆಗಲಿಲ್ಲ. ಆಗಸ್ಟ್ 20ಕ್ಕೆ ಇಬ್ಬರೂ ಕೈತಪ್ಪಿದರು. ಹಾಲೊವೇ ಆ ಸೀಸನ್‌ನಲ್ಲಿ 63 ಪಾಯಿಂಟ್ (ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿ) ಗಳಿಸಿದರು. ನನ್ನ ಪ್ರಕಾರ ಎಡ್ಮಂಟನ್‌ನ ತಪ್ಪು ಆ 7 ದಿನಗಳದ್ದಲ್ಲ. ಜುಲೈ 1ಕ್ಕೆ ಹೊರಗಿನ ದೊಡ್ಡವರಿಗೆ ದುಡ್ಡು ಸುರಿದು, ಮನೆಯ ಹುಡುಗರು ಎಲ್ಲಿಗೆ ಹೋಗುತ್ತಾರೆ ಎಂದು ಅವರನ್ನು ಕೊನೆಗೆ ಇಟ್ಟುಕೊಂಡದ್ದು ತಪ್ಪು.

ಮಿತಿಯ ಮೇಲಲ್ಲ, ಮಾಲೀಕನ ಜೇಬಿನ ಮೇಲೆ ಒತ್ತಡ ಹಾಕುವ ಬಗೆಯೂ ಇದೆ. 2019ರ ಜುಲೈ 1ಕ್ಕೆ ಮಾಂಟ್ರಿಯಲ್ ಕ್ಯಾರೊಲೈನಾದ ಸೆಬಾಸ್ಟಿಯನ್ ಅಹೊಗೆ 5 ವರ್ಷ, ಸರಾಸರಿ 84,54,000 ಕೊಟ್ಟಿತು. ಆ ವರ್ಷದ ಮೆಟ್ಟಿಲಿನ ತುದಿ 84,54,871. ಬಹುಪಾಲು ಸಹಿ ಬೋನಸ್, ಮೊದಲ 12 ತಿಂಗಳಲ್ಲೇ ಸುಮಾರು 2.1 ಕೋಟಿ ನಗದು. ಕ್ಯಾರೊಲೈನಾ ಹಣ ಹೊಂದಿಸಿ ಉಳಿಸಿಕೊಂಡಿತು. 2021ರಲ್ಲಿ ಅದೇ ಕ್ಯಾರೊಲೈನಾ ಮಾಂಟ್ರಿಯಲ್‌ನ ಯೆಸ್ಪೆರಿ ಕೊಟ್ಕನಿಯೆಮಿಗೆ ಒಂದು ವರ್ಷಕ್ಕೆ 61,00,035 ಕೊಟ್ಟಿತು, ಅದರಲ್ಲಿ ಸಹಿ ಬೋನಸ್ 20 ಡಾಲರ್. 20 ಅಹೊ ಅವರ ಅಂಗಿಯ ಸಂಖ್ಯೆ. ಕೀಟಲೆ ಹಾಗಿರಲಿ, ಒಂದೇ ವರ್ಷದ ಅವಧಿ ನಿಜವಾದ ಮುಳ್ಳು. ಉಳಿಸಿಕೊಂಡಿದ್ದರೆ ಮಾಂಟ್ರಿಯಲ್ ಅವನನ್ನು ವರ್ಷ ಪೂರ್ತಿ ಮಾರುವಂತಿರಲಿಲ್ಲ, ಮರುಬೇಸಿಗೆಯಲ್ಲಿ ಮತ್ತೆ 61 ಲಕ್ಷದ ಆಫರ್ ಕೊಡಬೇಕಿತ್ತು. ಬಿಟ್ಟುಕೊಟ್ಟು ಮೊದಲ ಮತ್ತು ಮೂರನೇ ಸುತ್ತಿನ ಆಯ್ಕೆ ಪಡೆಯಿತು.

ಆಫರ್ ಹಾಕುವವರೂ ನಿಯಮ ಓದದೆ ಸಿಕ್ಕಿಬೀಳಬಹುದು. 2013ರ ಫೆಬ್ರವರಿಯಲ್ಲಿ ಕ್ಯಾಲ್ಗರಿ ಕೊಲೊರಾಡೊದ ರಯಾನ್ ಒರೈಲಿಗೆ 2 ವರ್ಷ, ಒಟ್ಟು 1 ಕೋಟಿಯ ಆಫರ್ ಕೊಟ್ಟಿತು. ಎನ್‌ಎಚ್‌ಎಲ್ ಸೀಸನ್ ಶುರುವಾದ ಮೇಲೆ ಒರೈಲಿ ರಷ್ಯಾದ ಲೀಗ್‌ನಲ್ಲಿ ಆಡಿದ್ದರು, ಹಾಗೆ ಬಂದವರು ಹೊಸ ತಂಡ ಸೇರಲು ವೇವರ್ಸ್ (ಬೇರೆ ಯಾವ ತಂಡವಾದರೂ ಆಟಗಾರನನ್ನು ಎತ್ತಿಕೊಳ್ಳಬಹುದಾದ ಹಂತ) ದಾಟಬೇಕು ಎಂದು ಲೀಗ್ ಹೇಳಿತು. ಕೊಲೊರಾಡೊ ಬಿಟ್ಟುಕೊಟ್ಟಿದ್ದರೆ ಕ್ಯಾಲ್ಗರಿ ಮೊದಲ, ಮೂರನೇ ಸುತ್ತಿನ ಆಯ್ಕೆಗಳನ್ನು ತೆತ್ತು, ಆಟಗಾರನನ್ನು ವೇವರ್ಸ್‌ನಲ್ಲಿ ಬೇರೊಬ್ಬರಿಗೆ ಕಳೆದುಕೊಳ್ಳುವ ಸಾಧ್ಯತೆ ಇತ್ತು. ಕೊಲೊರಾಡೊ ಅದೇ ದಿನ ಉಳಿಸಿಕೊಂಡದ್ದರಿಂದ ಮಾನ ಉಳಿಯಿತು.

ಡಿಸೆಂಬರ್ 1, ಸಂಜೆ 5 ಗಂಟೆ

ಈ ಹೊತ್ತಿನೊಳಗೆ ಸಹಿ ಹಾಕದ ಆರ್‌ಎಫ್‌ಎ ಆ ಸೀಸನ್ ಎನ್‌ಎಚ್‌ಎಲ್‌ನಲ್ಲಿ ಆಡುವಂತಿಲ್ಲ. 2018ರಲ್ಲಿ ಟೊರಾಂಟೊದ ವಿಲಿಯಂ ನೈಲಾಂಡರ್ ಸಹಿ ಹಾಕಿದ್ದು ಗಡುವಿಗೆ ಕೆಲವೇ ನಿಮಿಷ ಇರುವಾಗ. ಆ ಲೆಕ್ಕ ಒಮ್ಮೆ ಕೈಯಾರೆ ಹಾಕಿ ನೋಡಬೇಕು.

6 ವರ್ಷದ ಒಪ್ಪಂದದಲ್ಲಿ ವರ್ಷದ ಪಾಲು 69,62,366. ಮಿತಿಯನ್ನು ದಿನದ ಲೆಕ್ಕದಲ್ಲಿ ಎಣಿಸುತ್ತಾರೆ, ಆ ಸೀಸನ್ 186 ದಿನ, ಉಳಿದಿದ್ದು 126. ಮೊದಲ ವರ್ಷದ ಪಾಲು ಪೂರ್ತಿ ಆ 126 ದಿನಗಳಲ್ಲೇ ಖರ್ಚು ಬೀಳಬೇಕು: ದಿನಕ್ಕೆ ಸುಮಾರು 55,257. ಇದನ್ನು 186ರಿಂದ ಗುಣಿಸಿದರೆ 1,02,77,778 ಬರುತ್ತದೆ. ಸೀಸನ್‌ನ ಮೊದಲ ದಿನ ಸಹಿ ಹಾಕಿದ್ದರೆ ಇದೇ ಪಾಲಿಗೆ ದಿನಕ್ಕೆ 37,432 ಸಾಕಿತ್ತು. ಅಂದರೆ ತಡವಾಗಿ ಸಹಿ ಹಾಕಿಸುವ ತಂಡಕ್ಕೆ ಆ ದಿನ 1 ಕೋಟಿಗೂ ಮಿಗಿಲಾದ ಖಾಲಿ ಜಾಗ ಬೇಕು. ಟೊರಾಂಟೊಗೆ ಆ ವರ್ಷ ಜಾಗ ಇತ್ತು, ಕಾಯಲು ಸಾಧ್ಯವಾಯಿತು. ಮಿತಿಗೆ ಒತ್ತಿಕೊಂಡಿರುವ ತಂಡದ ಪಾಲಿಗೆ ಕಳೆಯುವ ಪ್ರತಿ ದಿನವೂ ಅದೇ ಆಟಗಾರನನ್ನು ದುಬಾರಿ ಮಾಡುತ್ತದೆ.

ಎಷ್ಟು ವರ್ಷ?

ಅವಧಿಯ ಲೆಕ್ಕವನ್ನು ಹಿಂದಿನಿಂದ ಹಾಕಿ. ಆಟಗಾರ ಯಾವ ಬೇಸಿಗೆಯಲ್ಲಿ ಪೂರ್ತಿ ಸ್ವತಂತ್ರನಾಗುತ್ತಾನೆ ಎಂದು ಮೊದಲು ಬರೆದುಕೊಳ್ಳಿ, ಆಮೇಲೆ ಒಪ್ಪಂದ ಅದಕ್ಕೆ ಮುಂಚೆ ಮುಗಿಯುತ್ತದೋ, ಸರಿಯಾಗಿ ಅಲ್ಲೇ ಮುಗಿಯುತ್ತದೋ, ದಾಟುತ್ತದೋ ನೋಡಿ. ದಾಟುವ ಪ್ರತಿ ವರ್ಷಕ್ಕೂ ತಂಡ ಹೆಚ್ಚು ತೆರಬೇಕು, ಏಕೆಂದರೆ ಅದು ಆಟಗಾರನ ಸ್ವಾತಂತ್ರ್ಯದ ಬೆಲೆ. ಟೊರಾಂಟೊದ ಆಸ್ಟನ್ ಮ್ಯಾಥ್ಯೂಸ್ 2019ರಲ್ಲಿ ಹಾಕಿದ 5 ವರ್ಷದ ಒಪ್ಪಂದ ಈ ಅಂಚನ್ನು ಒಂದೇ ಒಂದು ವರ್ಷ ದಾಟುವಂತಿತ್ತು. ಅದು ಆಟಗಾರನ ಗೆಲುವು.

ಅಂಚಿಗೆ ಒಂದೇ ವರ್ಷ ಮುಂಚೆ ಮುಗಿಯುವುದು ತಂಡಕ್ಕೆ ಎಲ್ಲಕ್ಕಿಂತ ಕೆಟ್ಟದ್ದು. ಕ್ಯಾಲ್ಗರಿಯ ಮ್ಯಾಥ್ಯೂ ಟಕಾಚುಕ್ 2019ರಲ್ಲಿ 3 ವರ್ಷದ ಒಪ್ಪಂದ ಹಾಕಿದರು, ಕೊನೆಯ ವರ್ಷದ ಸಂಬಳ 90 ಲಕ್ಷ. 2022ರಲ್ಲಿ 90 ಲಕ್ಷದ ಆಫರ್ ಒಪ್ಪಿ ಒಂದು ವರ್ಷ ಆಡಿದರೆ 2023ಕ್ಕೆ ಅವರು ಪೂರ್ತಿ ಸ್ವತಂತ್ರ, ಕ್ಯಾಲ್ಗರಿಗೆ ಸಿಗುವುದು ಸೊನ್ನೆ. ದೀರ್ಘ ಒಪ್ಪಂದಕ್ಕೆ ಅವರು ಒಪ್ಪಲಿಲ್ಲ. ಕ್ಯಾಲ್ಗರಿ ತಾನೇ ಪಂಚಾಯ್ತಿಗೆ ಅರ್ಜಿ ಹಾಕಿತು. ಉದ್ದೇಶ ತೀರ್ಪಲ್ಲ, ಹೊರಗಿನ ಆಫರ್‌ನ ಬಾಗಿಲು ಮುಚ್ಚುವುದು. ಹಾಗೆ ಗಳಿಸಿದ ದಿನಗಳಲ್ಲಿ 8 ವರ್ಷ, 95 ಲಕ್ಷ ಸರಾಸರಿಯ ಒಪ್ಪಂದಕ್ಕೆ ಸಹಿ ಹಾಕಿಸಿ, ಜುಲೈ 22ರಂದು ಅವರನ್ನು ಫ್ಲಾರಿಡಾಕ್ಕೆ ಕಳಿಸಿತು. 8 ವರ್ಷ ಕೊಡುವ ಅಧಿಕಾರ ಸ್ವಂತ ತಂಡಕ್ಕೆ ಮಾತ್ರ ಇತ್ತು, ಹೊರಗಿನವರಿಗೆ 7. ಆ ಒಂದು ಹೆಚ್ಚಿನ ವರ್ಷವನ್ನೇ ಕ್ಯಾಲ್ಗರಿ ಮಾರಾಟದ ಸರಕಾಗಿ ಬಳಸಿತು. 2026ರ ಸೆಪ್ಟೆಂಬರ್‌ನಿಂದ ಜಾರಿಯಾಗುವ ಹೊಸ ಕರಾರಿನಲ್ಲಿ ಇವು 7 ಮತ್ತು 6 ಆಗುತ್ತವೆ, ಆದ್ದರಿಂದ ಹಳೆಯ ಉದಾಹರಣೆಗಳ ವರ್ಷಗಳನ್ನು ಹಾಗೇ ಎತ್ತಿ ಮುಂದಿನ ಲೆಕ್ಕಕ್ಕೆ ಹಾಕಬೇಡಿ.